ಕಾವಲಿನಲ್ಲಿ ಒಂಬತ್ತು ಕಣ

ಇಂಗ್ಲೆಂಡಿನ ಒಂದು ಗಾಲ್ಫ್ ಮೈದಾನ ಹೇಗೆ ಹುಟ್ಟಿತು, ಅದರ ನಕ್ಷೆ ಯಾರು ಬರೆದರು, ಯಾವ ಗುಳಿಯನ್ನು ಎಲ್ಲಿಂದ ಎಲ್ಲಿಗೆ ಸರಿಸಿದರು ಅನ್ನುವುದನ್ನೆಲ್ಲ ಮುಳ್ಳೂರಿನ ಸೊಸೆಯೊಬ್ಬಳು ಹೇಳಹೊರಟರೆ ಕೇಳಿದವರು ನಗುತ್ತಾರೆ. ನಗಲಿ. ನಮ್ಮ ಮನೆಯ ಮೊಮ್ಮಕ್ಕಳೂ ನಗುತ್ತಾರೆ. ಆದರೆ ಆ ಮೈದಾನ ಎರಡನೆಯ ಸಲ ಹುಟ್ಟಿದ್ದು ನಮ್ಮ ಕಾವಲಿನಲ್ಲಿ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೆ ಸಗಣಿ ಕಲಸಿದ್ದೇನೆ. ಹೇಳುವ ಹಕ್ಕು ನನಗಿಲ್ಲದೆ ಇನ್ಯಾರಿಗಿದೆ?

ನಾನು ಕೊಳ್ಳೇಗಾಲದ ಪೇಟೆಯವಳು. ನಮ್ಮ ತಾಲ್ಲೂಕು ಮದರಾಸಿನ ಕಡೆಯಿಂದ ಮೈಸೂರಿಗೆ ಸೇರಿದ ವರ್ಷವೇ ನಾನು ಅಪ್ಪನ ಮನೆಯಿಂದ ಮುಳ್ಳೂರಿಗೆ ಸೇರಿದೆ. ಎಸ್ಸೆಸ್ಸೆಲ್ಸಿ ಮುಗಿಸಿದ್ದೆ, ಇಂಗ್ಲಿಷ್ ಓದಲು ಬರುತ್ತಿತ್ತು, ಮಾತಾಡಲು ಧೈರ್ಯವಿತ್ತು. ನನ್ನ ಗಂಡ ದಿನಾ ಸೈಕಲ್ಲಿನಲ್ಲಿ ಕೊಳ್ಳೇಗಾಲದ ರೇಷ್ಮೆ ಕಾರ್ಖಾನೆಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಹೀಗಾಗಿ ಹಗಲೆಲ್ಲ ಮನೆಯಲ್ಲಿ ಅತ್ತೆ, ಮಾವನವರು ಮತ್ತು ನಾನು. ಮಾವನವರು ಎತ್ತರದ ಆಳು, ಹಣೆಯ ಮೇಲೆ ಮೂರು ಬೆರಳು ವಿಭೂತಿ, ಮೂಗಿನ ತುದಿಯಲ್ಲಿ ಕೋಪ. ನನ್ನದೂ ಅದೇ ಜಾತಕ. ‘ಒಂದ್ ಒಲೇಲಿ ಎಲ್ಡು ಬೆಂಕಿ ಅಚ್ಕಂಡಂಗಾಯ್ತು ನನ್ ಬಾಳು’ ಎಂದು ಅತ್ತೆ ಬಂದವರೊಡನೆಲ್ಲ ಹೇಳಿಕೊಳ್ಳುತ್ತಿದ್ದರು.

ಊರ ಮೇಲುಗಡೆ, ಹೊಳೆಗೆ ಇಳಿಯುವ ದಿಣ್ಣೆಯ ಮೇಲೆ ನಮ್ಮ ಮನೆಯ ಕಾವಲಿತ್ತು. ದನ ಮೇಯುವುದಕ್ಕೆಂದೇ ತಾತಂದಿರ ಕಾಲದಿಂದ ಉಳದೆ ಬಿಟ್ಟ ಹುಲ್ಲುನೆಲ ಅದು. ಒಂದು ಮೂಲೆಗೆ ಹುಣಸೆಮರ, ನಡುವೆ ಆಳೆತ್ತರದ ಹುತ್ತ, ಮೇಲಿನಿಂದ ಕೆಳಗಿನವರೆಗೆ ಮಳೆನೀರು ಕುಡುಗೋಲಿನಂತೆ ಬಳಸಿ ಕೊರೆದಿದ್ದ ಹಳ್ಳ. ಹಸು, ಎಮ್ಮೆ ಬಿಟ್ಟರೆ ಅಲ್ಲಿಗೆ ಹೋಗುವವರಿರಲಿಲ್ಲ.

ನಾನು ಬಂದ ಮರುವರ್ಷ ಯಳಂದೂರಿನ ಕಡೆಯಿಂದ ಬಂದ ಬಸ್ಸಿನಿಂದ ಒಬ್ಬ ವಯಸ್ಸಾದ ಇಂಗ್ಲಿಷಿನವರು ಇಳಿದರು. ಬೆನ್ನಿಗೆ ಉದ್ದನೆಯ ಚೀಲ, ಚೀಲದ ತುಂಬ ತುದಿ ಬಾಗಿದ ಕೋಲುಗಳು. ಬೆಟ್ಟದ ಮೇಲಿನ ಕಾಫಿ ತೋಟವೊಂದನ್ನು ಅರ್ಧ ಆಯುಸ್ಸು ನೋಡಿಕೊಂಡಿದ್ದವರು ಅವರು. ಕೆಲಸ ಬಿಟ್ಟ ಮೇಲೆ ಹಡಗು ಹತ್ತಿ ಊರಿಗೆ ಹೋಗುವ ಬದಲು ಯಳಂದೂರಿನಲ್ಲೊಂದು ಮನೆ ಬಾಡಿಗೆಗೆ ಹಿಡಿದಿದ್ದರು. ಹೆಂಡತಿ ಮಕ್ಕಳಿಲ್ಲ. ತೋಟದ ಆಳುಗಳಿಂದ ಕಲಿತ ಕನ್ನಡ, ಅದಕ್ಕೆ ಒಂದು ಹಿಡಿ ತಮಿಳು. ಊರವರೆಲ್ಲ ಅವರನ್ನು ದೊರೆ ಅಂದೆವು, ಎದುರಿಗೆ ಸಾ ಅಂದೆವು.

ದೊರೆ ನಮ್ಮ ಜಗಲಿಗೆ ಬಂದು, ‘ಯಜಮಾನ್ರೇ, ನಿಮ್ ಕಾವಲು ಒಂದ್ಸಲ ನಡ್ದು ನೋಡ್ಲಾ?’ ಅಂದರು. ನೋಡಿ ಅಂದರು ಮಾವನವರು. ಬೆಳಿಗ್ಗೆ ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಹಾವುಗೀವು ಕಚ್ಚಿತೋ ಏನೋ ಎಂದು ಮಾವನವರು ಹೋಗಿ ನೋಡಿದರೆ ಆಸಾಮಿ ಹಳ್ಳದ ದಡದಲ್ಲಿ ಟೋಪಿ ತೆಗೆದು ನಿಂತಿದ್ದಾರೆ, ಬಿಸಿಲಲ್ಲಿ ತಲೆ ಕೆಂಪಗೆ ಸುಡುತ್ತಿದೆ, ಮುಖದಲ್ಲಿ ಮಾತ್ರ ಹೆಣ್ಣು ಗೊತ್ತಾದ ಹುಡುಗನ ಕಳೆ.

ಅವತ್ತು ಜಗಲಿಯಲ್ಲಿ ಮಜ್ಜಿಗೆ ಕುಡಿಯುತ್ತ ದೊರೆ ಹೇಳಿದ ಕತೆಯಿಂದಲೇ ಎಲ್ಲ ಶುರುವಾಯಿತು. ನಾನು ಬಾಗಿಲ ಹಿಂದೆ ನಿಂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಹಿಂದೆ ನಿಲ್ಲುವುದನ್ನೂ ಬಿಟ್ಟು ಮುಂದೆಯೇ ಬಂದೆ.

ಅವರ ಊರಿನ ಹೊರಗೆ ಒಂದು ಕಾವಲಿತ್ತಂತೆ. ಊರವರೆಲ್ಲರ ಕುರಿ ಮೇಯುವ ಹಕ್ಕಿದ್ದ ನೆಲ. ಕುರಿ ಮೇದು ಮೇದು ಹುಲ್ಲು ಕತ್ತರಿಸಿದ ಹಾಗೆ ಕುಳ್ಳಗಾಗಿ, ಅದರ ಮೇಲೆ ಗಾಲ್ಫ್ ಆಡುವವರು ಬಂದರು. ಕೋಲಿನಿಂದ ಚೆಂಡು ಹೊಡೆದು ದೂರದ ಗುಳಿಗೆ ಬೀಳಿಸುವುದು ಆಟ. ಗುಳಿ ಎಲ್ಲಿರಬೇಕು, ದಾರಿ ಎಲ್ಲಿ ತಿರುಗಬೇಕು, ಮರಳುಗುಂಡಿ ಎಲ್ಲಿ ತೋಡಬೇಕು ಎಂದು ನಕ್ಷೆ ಬರೆಯುವುದೇ ಒಂದು ವಿದ್ಯೆಯಂತೆ. ಆಗ ಹರೆಯದಲ್ಲಿದ್ದ ದೊರೆ ಮತ್ತು ಅವರ ಗೆಳೆಯ ಇಬ್ಬರೂ ಸೇರಿ ಆ ಮೈದಾನದ ನಕ್ಷೆ ಬರೆದರು. ಎಲ್ಲ ಗುಳಿಗೂ ಇಬ್ಬರದೂ ಒಂದೇ ಮನಸ್ಸು, ಏಳನೆಯದೊಂದನ್ನು ಬಿಟ್ಟು.

ಏಳನೆಯದರ ನಡುವೆ ಒಂದು ಹಳ್ಳ. ಆಚೆ ದಡದ ಅಂಚಿಗೇ ಗುಳಿ ಇರಲಿ ಅಂದರು ದೊರೆ. ಹೆದರುವವನು ಹಳ್ಳದ ಬಳಸಿನಲ್ಲಿ ಮೂರು ಏಟಿಗೆ ಸುತ್ತಿ ಬರಲಿ, ಗಟ್ಟಿಗ ಒಂದೇ ಏಟಿಗೆ ಹಳ್ಳ ಹಾರಿಸಲಿ, ಬಿದ್ದರೆ ಬೀಳಲಿ. ಗೆಳೆಯ ಒಪ್ಪಲಿಲ್ಲ. ಇದು ಆಟವಲ್ಲ ಜೂಜು, ನಕ್ಷೆ ಬರೆಯುವುದು ನಿನಗೆ ಬರುವುದಿಲ್ಲ ಎಂದು ಊರ ದೊಡ್ಡವರ ಎದುರಿಗೇ ಅಂದುಬಿಟ್ಟ. ಗುಳಿಯನ್ನು ದಡದಿಂದ ದೂರ, ಅಂಜುಬುರುಕರಿಗೆ ಅನುಕೂಲವಾಗುವಲ್ಲಿಗೆ ಸರಿಸಿಬಿಟ್ಟ. ದೊರೆ ಮಾತು ಬಿಟ್ಟು, ಊರು ಬಿಟ್ಟು, ಹಡಗು ಹತ್ತಿದರು.

ನನಗೆ ನಗು ತಡೆಯಲಾಗಲಿಲ್ಲ. ‘ಅಲ್ಲ ಸಾ, ಒಂದು ಗುಳಿಗೋಸ್ಕರ ದೇಶ ಬಿಟ್ರಾ?’ ಅಂದೆ.

ಮಾವನವರು ನನ್ನ ಕಡೆ ಕೆಂಗಣ್ಣು ಬಿಟ್ಟರು. ‘ಸುಮ್ಕಿರು ಮಗಾ. ಗೇಣುದ್ದ ಬದುವಿಗೆ ನಮ್ಮೂರಲ್ಲಿ ಅಣ್ಣತಮ್ದೀರು ಸಾಯಗಂಟ ಮಾತಾಡಿಲ್ಲ. ಬದು ಒತ್ತಿರೋದು ಕಣವ್ವಾ ಇದು, ಆಟ ಅಲ್ಲ.’ ಆಮೇಲೆ ದೊರೆಯ ಕಡೆ ತಿರುಗಿ, ‘ನಮ್ ಕಾವಲಲ್ಲಿ ಅದೇ ತರ ಅಳ್ಳ ಸಿಕ್ತು ಅಲ್ವಾ ಸಾ?’ ಅಂದರು.

ದೊರೆ ತಲೆಯಾಡಿಸಿದರು. ಅವರಿಗೆ ಬೇಕಾಗಿದ್ದು ಇಷ್ಟೇ. ಆ ಮೈದಾನದ ಒಂಬತ್ತು ಗುಳಿಗಳನ್ನು ಇಲ್ಲಿ ಮತ್ತೆ ಮಾಡಬೇಕು. ಏಳನೆಯದನ್ನು ತಾನು ಬರೆದ ಹಾಗೆಯೇ ಮಾಡಬೇಕು. ಒಂದಲ್ಲ ಒಂದು ದಿನ ಆ ಗೆಳೆಯ ಬಂದು, ಅದೇ ಜಾಗದಲ್ಲಿ ನಿಂತು, ಚೆಂಡು ಹೊಡೆದು, ನೀನು ಹೇಳಿದ್ದೇ ಸರಿ ಅನ್ನಬೇಕು. ಆ ಒಂದು ಮಾತು ಕೇಳದೆ ಸಾಯಲು ಮನಸ್ಸಿಲ್ಲ ಅಂದರು. ಮಾವನವರು ಕಾವಲನ್ನು ಬಿಟ್ಟುಕೊಟ್ಟರು. ಬಾಡಿಗೆ ಬೇಡ, ದನ ಮೇಯುವುದು ಮಾತ್ರ ನಿಲ್ಲಬಾರದು. ದೊರೆಗೆ ಅದಕ್ಕಿಂತ ಖುಷಿಯ ಮಾತಿರಲಿಲ್ಲ. ದನ ಸಾಲದೆಂದು ಹನೂರಿನ ಕಡೆಯ ಕುರಿ ಮಂದೆಯವರನ್ನೂ ಕರೆಸಿ ಬಿಟ್ಟರು. ಹುಲ್ಲು ಆರು ತಿಂಗಳಲ್ಲಿ ಕುಳ್ಳಗಾಯಿತು.

ಆಮೇಲಿನ ವರ್ಷಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ವಾರದಲ್ಲಿ ನಾಲ್ಕು ದಿನ ದೊರೆ ಬಸ್ಸಿಳಿಯುತ್ತಿದ್ದರು, ಮಾವನವರು ಗುದ್ದಲಿ ಹೊತ್ತು ಕಾಯುತ್ತಿದ್ದರು. ಇಬ್ಬರೂ ಗೂಟ ಹೊಡೆಯುವರು, ಜಗಳವಾಡುವರು, ಗೂಟ ಕೀಳುವರು. ನಾನು ಅಡಿಗೆ ಇಳಿಸಿದವಳೇ ಊಟದ ನೆಪದಲ್ಲಿ ಬುತ್ತಿ ಹೊತ್ತು ಓಡುತ್ತಿದ್ದೆ.

ಮೂರನೆಯ ಗುಳಿಯ ದಾರಿಯಲ್ಲಿ ಹುತ್ತ ಬಂತು. ಅವರ ಊರಲ್ಲಿಯೂ ಅದೇ ಜಾಗದಲ್ಲಿ ಬೋಳು ದಿಬ್ಬವೊಂದಿತ್ತಂತೆ. ದೊರೆ ಕುಣಿದಾಡಿದರು. ಆದರೆ ಮೊದಲನೆಯ ಏಟಿಗೇ ಚೆಂಡು ಹೋಗಿ ಹುತ್ತಕ್ಕೆ ಬಡಿಯಿತು. ಸುದ್ದಿ ಕೇಳಿ ಅತ್ತೆ ಕಾವಲಿಗೇ ಬಂದರು. ‘ನಾಗಪ್ಪನ ತಲೆ ಮ್ಯಾಲೆ ಒಡ್ದು ನೀವ್ ಆಡ್ತೀರಾ, ಮಕ್ಳು ಮರಿ ಇರೋ ಮನೆ ನಮ್ದು.’ ಇಂಗ್ಲೆಂಡಿನ ನಕ್ಷೆ ಅಲ್ಲಿಗೆ ಎಡಕ್ಕೆ ತಿರುಗಿತು. ಹುತ್ತಕ್ಕೆ ತಗುಲಿದ ಚೆಂಡು ನಾಗಪ್ಪನದು, ಅದನ್ನು ಕೇಳುವಂತಿಲ್ಲ ಎಂಬ ಕಾನೂನೂ ಆಯಿತು. ಪಾಪ, ದೊರೆಯ ಎಷ್ಟು ಚೆಂಡು ನಾಗಪ್ಪ ನುಂಗಿದನೋ.

ಐದನೆಯದು ಹುಣಸೆಮರದ ಕೆಳಗಿತ್ತು. ಹಣ್ಣು ಬಡಿಯುವ ಕಾಲದಲ್ಲಿ ಹೆಂಗಸರಿಗೆ ಏಟು ಬೀಳಬಾರದೆಂದು ಅದೂ ಸರಿಯಿತು. ಒಂದು ಮಳೆಗಾಲ ಹೊಳೆ ಏರಿ ಕೆಳಗಿನ ಎರಡು ಗುಳಿಗಳು ಮುಳುಗಿದವು. ಇಷ್ಟು ಕಷ್ಟಪಟ್ಟದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂದು ನಾನು ಅತ್ತೇಬಿಟ್ಟೆ. ನೀರಿಳಿದ ಮೇಲೆ ಮೊಣಕಾಲುದ್ದ ಬಿಳಿ ಮರಳು ಬಿದ್ದಿತ್ತು. ದೊರೆ ಅದನ್ನು ಬೊಗಸೆಯಲ್ಲಿ ಎತ್ತಿ, ‘ನಮ್ಮೂರಲ್ಲಿ ಇದಕ್ಕೆ ಗಾಡಿ ಕಟ್ತಿದ್ವಿ ಯಜಮಾನ್ರೇ, ಇಲ್ಲಿ ಹೊಳೇನೇ ತಂದು ಹಾಕ್ತು’ ಎಂದು ನಕ್ಕರು. ಮರಳುಗುಂಡಿಗಳು ಹುಟ್ಟಿದ್ದು ಹಾಗೆ.

ದೊಡ್ಡ ತಲೆನೋವು ಇನ್ನೊಂದಿತ್ತು. ಗುಳಿಯ ಸುತ್ತ ಚೆಂಡು ಉರುಳಲು ನುಣ್ಣನೆಯ ಹುಲ್ಲು ಬೇಕು. ದೊರೆ ಪರದೇಶದಿಂದ ಬೀಜ ತರಿಸಿ ಬಿತ್ತಿದರು. ಮೊಳಕೆ ಬಂದದ್ದನ್ನು ಎಮ್ಮೆ ಮೇದಿತು, ಉಳಿದದ್ದು ಶಿವರಾತ್ರಿಯ ಬಿಸಿಲಿಗೆ ಸುಟ್ಟುಹೋಯಿತು. ಮರಳು ಹರಡಿ ನೋಡಿದರು, ಗಾಳಿ ಹೊತ್ತೊಯ್ದಿತು. ಕೊನೆಗೆ ಒಂದು ಸಂಜೆ ಜಗಲಿಯಲ್ಲಿ ತಲೆಗೆ ಕೈ ಹೊತ್ತು ಕೂತು, ‘ದುಂಡಗೆ ಇರ್ಬೇಕು, ಸಮ ಇರ್ಬೇಕು, ಗಟ್ಟಿ ಇರ್ಬೇಕು. ನಡುವೆ ಒಂದು ಕಂಬ. ಅಷ್ಟೇ ಬೇಕಾಗಿರೋದು’ ಅಂದರು.

ಮಾವನವರು ಎಲೆಯಡಿಕೆ ಉಗಿದು ಬಂದು ನಿಧಾನಕ್ಕೆ ಕೂತರು. ‘ವರ್ಸದಿಂದ ಸುತ್ತಿ ಬಳಸಿ ನೀವು ಕೇಳ್ತಾ ಇರದು ಕಣವಾ ಸಾ?’

ಕಣವೆಂದರೆ ನಮ್ಮವರಿಗೆ ನಿದ್ದೆಯಲ್ಲಿಯೂ ಮಾಡುವ ಕೆಲಸ. ನೆಲ ಅಗೆದು, ನೀರು ಹೊಯ್ದು, ದನ ತುಳಿಸಿ, ತೆನೆ ಒಕ್ಕುವ ರೋಣಗಲ್ಲನ್ನು ಉರುಳಿಸಿ, ಮೇಲೆ ಸಗಣಿ ಸಾರಿಸಿದೆವು. ಊರ ಹೆಂಗಸರೆಲ್ಲ ಬಂದರು. ನಡುವೆ ಎತ್ತು ಕಟ್ಟುವ ಮೇಟಿಯ ಜಾಗದಲ್ಲಿ ಬಾವುಟದ ಕೋಲು, ಅದರ ಬುಡದಲ್ಲಿ ಗುಳಿ. ಒಣಗಿದ ಮೇಲೆ ದೊರೆ ಚೆಂಡು ತಟ್ಟಿದರು. ಅದು ಎಲ್ಲಿಯೂ ಕುಪ್ಪಳಿಸದೆ ಬಳುಕದೆ ನೆಟ್ಟಗೆ ಉರುಳಿ ಹೋಗಿ ಗುಳಿಯಲ್ಲಿ ಇಳಿಯಿತು. ಹೆಂಗಸರು ಹೋ ಎಂದರು. ದೊರೆ ಮಾವನವರ ಎರಡೂ ಕೈ ಹಿಡಿದು ಅಲ್ಲಾಡಿಸಿದ್ದೇ ಅಲ್ಲಾಡಿಸಿದ್ದು. ನನಗೋ, ನಮ್ಮ ಕೈಯ ಸಾರಣೆ ಸಮುದ್ರದಾಚೆಯ ಆಟಕ್ಕೂ ಒದಗಿತಲ್ಲ ಎಂದು ಹೆಮ್ಮೆಯಿಂದ ರಾತ್ರಿ ಊಟವೇ ಸೇರಲಿಲ್ಲ.

ಆದರೆ ಕಣವಾದ ಮೇಲೆ ಕಣದ ನೇಮವೂ ಬಂತು. ಮೆಟ್ಟು ಹಾಕಿಕೊಂಡು ಕಣ ತುಳಿಯುವಂತಿಲ್ಲ. ದೊರೆ ಪ್ರತಿ ಗುಳಿಗೂ ಬೂಟು ಬಿಚ್ಚಿ, ಬರಿಗಾಲಲ್ಲಿ ಚೆಂಡು ತಟ್ಟಿ, ಆಚೆ ಹೋಗಿ ಮತ್ತೆ ಬೂಟು ಕಟ್ಟಿಕೊಳ್ಳುತ್ತಿದ್ದರು. ಸುಗ್ಗಿ ಬಂದಾಗ ಸ್ವಂತ ಕಣವಿಲ್ಲದವರು ಒಂದೆರಡು ಕಣ ಕೇಳುತ್ತಿದ್ದರು. ಇಷ್ಟು ಚೆನ್ನಾಗಿ ಸಾರಿಸಿದ್ದನ್ನು ಬಿಡಲು ಯಾರಿಗೆ ಮನಸ್ಸು ಬಂದೀತು? ರಾಗಿ ಒಕ್ಕಿ ಗುಡಿಸಿ ಕೊಡುವವರೆಗೆ ದೊರೆ ಉಳಿದ ಗುಳಿಗಳಲ್ಲಿ ಆಡಿಕೊಳ್ಳುತ್ತಿದ್ದರು.

ಒಂದು ಸಂಜೆ ಮಾವನವರಿಲ್ಲದಾಗ ದೊರೆ ಕೋಲನ್ನು ನನ್ನ ಕೈಗೇ ಕೊಟ್ಟರು. ‘ತೋಳಲ್ಲಿ ಬೇಡವ್ವ, ಸೊಂಟದಲ್ಲಿ ತಿರುಗು. ಮೊರದಲ್ಲಿ ತೂರೋ ಹಂಗೆ’ ಅಂದರು. ಸೆರಗು ಸಿಕ್ಕಿಸಿಕೊಂಡು ಬೀಸಿದೆ. ಮೊದಲ ಸಲ ಮಣ್ಣು ಹಾರಿತು. ಎರಡನೆಯ ಸಲ ಟಣ್ ಎಂದಿತು. ಆ ಬಿಳಿಯ ಚೆಂಡು ಹುಣಸೆಮರಕ್ಕಿಂತ ಎತ್ತರ ಏರಿ, ಅಲ್ಲೊಂದಿಷ್ಟು ಹೊತ್ತು ನಿಂತೇಬಿಟ್ಟಿತೋ ಏನೋ ಅನಿಸಿತು. ಇಂಥ ಸಂತೋಷ ಗಂಡಸರು ಇಷ್ಟು ದಿನ ತಾವೇ ಇಟ್ಟುಕೊಂಡಿದ್ದರಲ್ಲ ಎಂದು ಹೊಟ್ಟೆ ಉರಿಯಿತು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ದೊರೆ ಬಹಳ ಬಾಗಿದ್ದರು. ಬಸ್ಸಿಳಿದರೆ ಕಾವಲು ಹತ್ತಲು ಎರಡು ಕಡೆ ಕೂರುತ್ತಿದ್ದರು. ಗೆಳೆಯನಿಗೆ ಅವರು ಕಾಗದ ಬರೆದು ಕರೆದಿದ್ದೂ ಆಗಿತ್ತು, ಉತ್ತರ ಬಾರದೆ ಸುಮ್ಮನಾಗಿದ್ದೂ ಆಗಿತ್ತು. ಆ ವರ್ಷ ಸುಗ್ಗಿಯ ನಡುವೆ ತಂತಿ ಬಂತು. ಗೆಳೆಯ ಮದರಾಸಿಗೆ ಬಂದಿದ್ದಾನೆ, ನೀಲಗಿರಿಗೆ ಹೋಗುವ ದಾರಿಯಲ್ಲಿ ಒಂದೇ ಒಂದು ಹಗಲು ಬರುತ್ತಾನೆ, ಶುಕ್ರವಾರ. ದೊರೆ ಆ ತಂತಿಯನ್ನು ಹಿಡಿದು ನಮ್ಮ ಮನೆಗೆ ಬಂದರು. ಇನ್ನು ಮೂರು ದಿನ.

ಆ ಮೂರು ದಿನ ನಾವು ಮನುಷ್ಯರಂತೆ ಇರಲಿಲ್ಲ. ಮುಳ್ಳು ಕಡಿದೆವು, ಮರಳು ಹರಡಿದೆವು, ಬಾವುಟಗಳಿಗೆ ನನ್ನ ಹೊಸ ಕೆಂಪು ರೇಷ್ಮೆ ರವಿಕೆ ಬಟ್ಟೆಯನ್ನೇ ಹರಿದು ಕಟ್ಟಿದೆ. ಗುರುವಾರ ಸಂಜೆ ಒಂಬತ್ತು ಕಣಗಳೂ ಹೊಸ ಸಾರಣೆಯಲ್ಲಿ ಮಿರಮಿರ ಮಿಂಚುತ್ತಿದ್ದವು. ದೊರೆ ಪ್ರತಿಯೊಂದನ್ನೂ ಸುತ್ತಿ ನೋಡಿ, ‘ಸಾಕು, ಇನ್ನೇನೂ ಮಾಡ್ಬೇಡಿ’ ಎಂದು ಬಸ್ಸು ಹತ್ತಿದರು.

ಅವರು ಅತ್ತ ಹೋದರು, ಇತ್ತ ಮಾವನವರಿಗೆ ಸಮಾಧಾನವಿಲ್ಲ. ಜಗಲಿಯಲ್ಲಿ ಕೂತರು, ಎದ್ದರು, ಕೂತರು. ‘ಸಮುದ್ರ ದಾಟಿ ಬಂದ ನೆಂಟನಿಗೆ ಬರಿ ಕಣ ತೋರ್ಸದಾ? ಸುಗ್ಗೀಲಿ ಬರಿ ಕಣ ಕಂಡ್ರೆ ಏನಂದ್ಕತಾನೆ, ಈ ಊರಲ್ಲಿ ಬೆಳೆನೇ ಇಲ್ಲ ಅಂದ್ಕಳಲ್ವಾ? ನಮ್ ದೊರೆ ಮಾನ ಏನಾಗ್ಬೇಕು?’ ಅಂದರು. ನನಗೂ ಹೌದಲ್ಲ ಅನಿಸಿತು. ಸುಗ್ಗಿಯಲ್ಲಿ ಬಂದ ನೆಂಟನಿಗೆ ಖಾಲಿ ಕಣ ಕಂಡರೆ ಅಪಶಕುನ ಅನ್ನುವ ಊರಲ್ಲಿ ನಮಗೆ ಬೇರೆ ಯೋಚನೆ ಎಲ್ಲಿಂದ ಬರಬೇಕು? ಅತ್ತೆಯೂ ತಲೆದೂಗಿದರು. ಕತ್ತಲಾಗುವ ಮುಂಚೆ ಊರಲ್ಲಿ ಉಳಿದಿದ್ದ ರಾಗಿ ಮೆದೆಗಳೆಲ್ಲ ಗಾಡಿ ಏರಿದವು. ಶುಕ್ರವಾರ ಹೊತ್ತು ಹುಟ್ಟುವಾಗ ಒಂಬತ್ತು ಕಣಗಳಲ್ಲಿಯೂ ಎತ್ತುಗಳು ರೋಣಗಲ್ಲು ಎಳೆಯುತ್ತ ಸುತ್ತುತ್ತಿದ್ದವು. ನೋಡಲು ಎರಡು ಕಣ್ಣು ಸಾಲದು.

ಬಾಡಿಗೆ ಕಾರು ಬಂದು ನಿಂತಿತು. ಮೊದಲು ದೊರೆ ಇಳಿದರು. ಕಾವಲಿನ ಕಡೆ ನೋಡಿದವರೇ ಕಾರಿನ ಬಾಗಿಲು ಹಿಡಿದುಕೊಂಡರು. ಮುಖ ಸುಣ್ಣವಾಯಿತು. ‘ಏನ್ ಮಾಡಿದ್ರಿ ಯಜಮಾನ್ರೇ,’ ಅಂದರು.

‘ಒಂದೂ ಬರಿದಿಲ್ಲ ಸಾ, ಒಂಬತ್ತೂ ತುಂಬ್ಸಿವ್ನಿ,’ ಅಂದರು ಮಾವನವರು, ಎದೆಯುಬ್ಬಿಸಿ.

ಆಗ ನನಗೆ ಅರ್ಥವಾಯಿತು. ಇಷ್ಟು ವರ್ಷ ಕಾದ ದಿನ, ಆಡಬೇಕಾದ ಜಾಗದಲ್ಲೆಲ್ಲ ಎತ್ತು ಮತ್ತು ಹುಲ್ಲು. ತೆರವು ಮಾಡಿ ಅನ್ನುವಂತೆಯೂ ಇಲ್ಲ, ಒಕ್ಕಲು ಶುರುವಾದ ಕಣವನ್ನು ಅರ್ಧಕ್ಕೆ ಬಿಡಿಸುವವರು ನಮ್ಮಲ್ಲಿಲ್ಲ. ಅಷ್ಟರಲ್ಲಿ ಗೆಳೆಯ ಇಳಿದರು. ತೆಳ್ಳಗೆ, ಉದ್ದಕ್ಕೆ, ಬಿಳಿ ಹುಬ್ಬಿನ ಮುದುಕ. ಎಲ್ಲವನ್ನೂ ನೋಡಿ, ಇದೇನು ಎಂದು ನನ್ನನ್ನು ಕೇಳಿದರು. ನಾನು ಬಾಯಿಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಇವು ಗುಳಿಗಳು, ಇವು ಕಣಗಳೂ ಹೌದು, ನೀವು ಬರುತ್ತೀರೆಂದು ಮರ್ಯಾದೆಗೆ ತುಂಬಿಸಿದ್ದೇವೆ, ಆಡುವುದಿದ್ದರೆ ಆಡಿ, ಬೂಟು ಮಾತ್ರ ಬಿಚ್ಚಬೇಕು.

ಅವರು ಅಲ್ಲೇ ಹುಲ್ಲಿನ ಮೇಲೆ ಕೂತು ಬೂಟು ಬಿಚ್ಚಿದರು. ಕಾಲುಚೀಲವನ್ನೂ ಬಿಚ್ಚಿ ಜೇಬಿಗೆ ತುರುಕಿಕೊಂಡು ಬರಿಗಾಲಲ್ಲೇ ಹೊರಟರು. ನಮ್ಮೂರವರೆಲ್ಲ ಹಿಂದೆ. ಚೆಂಡು ಕಣದ ಅಂಚಿಗೆ ಮುಟ್ಟಿದರೆ ಗುಳಿ ಸೇರಿದ ಲೆಕ್ಕ ಎಂದು ಇಬ್ಬರೂ ಒಪ್ಪಿಕೊಂಡರು. ಹುತ್ತದ ಕಾನೂನು ಹೇಳಿದೆ, ಅವರು ಟೋಪಿ ತೆಗೆದು ಹುತ್ತಕ್ಕೆ ಬಾಗಿದರು, ಅತ್ತೆ ಅಲ್ಲಿಗೆ ಕರಗಿಹೋದರು. ಒಂದೊಂದು ಗುಳಿಗೂ ಅವರು ತಿರುಗಿ ದೊರೆಯ ಮುಖ ನೋಡುತ್ತಿದ್ದರು. ನನಗೋ ತಡೆಯಲಾಗದಷ್ಟು ಕಾತರ. ಬೇಗ ನಡೆಯಬಾರದೇ ಈ ಮುದುಕ ಅನಿಸುತ್ತಿತ್ತು.

ಏಳನೆಯದಕ್ಕೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಈಚೆ ದಡದಲ್ಲಿ ಗೆಳೆಯ ನಿಂತರು. ಎದುರಿಗೆ ಹಳ್ಳ, ಆಚೆ ದಡದ ಅಂಚಿಗೇ ಕಣ. ಅಲ್ಲಿ ಒಕ್ಕಣೆ ಮುಗಿದು ಹೊಟ್ಟು ಬೆರೆತ ರಾಗಿಯನ್ನು ಗುಡ್ಡೆ ಹಾಕಿದ್ದರು, ಹೆಂಗಸರು ಮೊರ ಹಿಡಿದು ಗಾಳಿಗಾಗಿ ಕಾಯುತ್ತಿದ್ದರು. ಗೆಳೆಯ ಬಹಳ ಹೊತ್ತು ನೋಡಿದರು. ಆಮೇಲೆ ಪಾದಗಳನ್ನು ಬಳಸು ದಾರಿಯ ಕಡೆಗೆ ತಿರುಗಿಸಿ ನಿಂತರು. ದೊರೆ ತಲೆ ತಗ್ಗಿಸಿದರು. ಅಷ್ಟು ದೂರದಿಂದ ಬಂದು ಅದೇ ಪುಕ್ಕಲುತನವೇ ಎಂದು ನನಗೆ ರೇಗಿತು.

ಗೆಳೆಯ ಕೋಲೆತ್ತಲಿಲ್ಲ. ನಿಂತಲ್ಲೇ ಸ್ವಲ್ಪ ಸ್ವಲ್ಪವೇ ತಿರುಗಿ ಹಳ್ಳಕ್ಕೆ ಎದುರಾದರು. ಹೊಡೆದರು. ಚೆಂಡು ಹಳ್ಳದ ನಡುವಿಗೆ ಬಿತ್ತು. ಅವರು ನನ್ನ ಕಡೆ ಕೈ ನೀಡಿ ಇನ್ನೊಂದು ಕೊಡು ಅಂದರು. ಎರಡನೆಯ ಚೆಂಡು ಹಳ್ಳದ ಮೇಲೆ ಹಾರಿ, ಆಚೆ ದಡ ದಾಟಿ, ರಾಗಿ ಗುಡ್ಡೆಯೊಳಗೆ ಸೊರಕ್ಕನೆ ಹೊಕ್ಕಿತು. ಊರೆಲ್ಲ ಕೂಗಿತು. ನಾನು ಅತ್ತೆಯ ತೋಳನ್ನು ಗಿಲ್ಲಿಯೇಬಿಟ್ಟಿದ್ದೆ.

ಎಲ್ಲರೂ ಹಳ್ಳ ಬಳಸಿ ಆಚೆಗೆ ಹೋದೆವು. ಗೆಳೆಯ ಗುಡ್ಡೆಗೆ ಕೈ ಹಾಕಲು ಹೋದರೆ ಮಾವನವರು ತಡೆದರು. ತೂರಿ, ಪೂಜೆ ಮಾಡುವ ತನಕ ಹೊರಗಿನ ಕೈ ಬೀಳಬಾರದು. ಸರಿ, ಗಾಳಿ ಬರುವವರೆಗೆ ಎಲ್ಲರೂ ಹುಲ್ಲಿನ ಮೇಲೆ ಕೂತೆವು. ಇಬ್ಬರು ಮುದುಕರೂ ಬರಿಗಾಲು ಚಾಚಿ ಪಕ್ಕಪಕ್ಕದಲ್ಲಿ ಕೂತರು. ದೊರೆ ಏನೂ ಕೇಳಲಿಲ್ಲ. ಕೇಳಬಾರದೇ, ನಾನಾದರೂ ಕೇಳಲೇ ಎಂದು ನನ್ನ ಬಾಯಿ ತುರಿಸುತ್ತಿತ್ತು.

ಹೊಳೆಯ ಕಡೆಯಿಂದ ಗಾಳಿ ಎದ್ದಿತು. ಹೆಂಗಸರು ಮೊರ ಎತ್ತಿದರು. ಹೊಟ್ಟು ಹಾರಿತು, ರಾಗಿ ಸುರಿಯಿತು, ಅದರ ಜೊತೆಗೇ ಚೆಂಡೂ ಟಪ್ಪನೆ ಬಿತ್ತು. ತೂರುತ್ತಿದ್ದ ಹೆಂಗಸು ಅದನ್ನು ಸೆರಗಲ್ಲಿ ಒರೆಸಿ ಗೆಳೆಯನ ಕೈಗೆ ಕೊಟ್ಟಳು. ಅವರು ಚೆಂಡನ್ನು ಅಂಗೈಯಲ್ಲಿ ಹೊರಳಿಸುತ್ತ, ದೊರೆಯನ್ನು ನೋಡದೆ ಮಾತಾಡಿದರು. ಮಾವನವರು ನನ್ನ ಮೊಣಕೈ ತಿವಿದು, ‘ಏನಂದ, ಏನಂದ?’ ಅಂದರು.

ನೀನು ಹೇಳಿದ್ದೇ ಸರಿ ಅಂದಿದ್ದರು. ಅಷ್ಟೇ ಅಲ್ಲ. ದೊರೆ ಊರು ಬಿಟ್ಟ ಕೆಲವೇ ವರ್ಷಕ್ಕೆ ಅಲ್ಲಿಯ ಏಳನೆಯ ಗುಳಿಯನ್ನು ಕಿತ್ತು, ಹಳ್ಳದ ಅಂಚಿಗೆ, ದೊರೆ ಬರೆದ ಹಾಗೆಯೇ ಇಟ್ಟರಂತೆ. ಆ ಮೈದಾನಕ್ಕೆ ಹೆಸರು ಬಂದದ್ದೇ ಆ ಗುಳಿಯಿಂದ. ದೂರದೂರದಿಂದ ಅದನ್ನು ಆಡಲೆಂದೇ ಬರುತ್ತಾರೆ. ಎಲ್ಲರೂ ಇದು ಗೆಳೆಯನ ಬುದ್ಧಿ ಎಂದು ಹೊಗಳಿದರು, ಗೆಳೆಯ ಬಾಯಿ ಬಿಡಲಿಲ್ಲ. ಕಾಗದಕ್ಕೆ ಉತ್ತರ ಬರೆಯಲು ಮುಖವಿರಲಿಲ್ಲ. ಇದನ್ನು ಹೇಳುವುದಕ್ಕೇ ಬಂದದ್ದು, ನೀಲಗಿರಿಯಲ್ಲಿ ತನಗೇನೂ ಕೆಲಸವಿಲ್ಲ.

‘ಬದು ಒತ್ತಿದ್ದು ಒಪ್ಕಂಡ್ನಾ?’ ಅಂದರು ಮಾವನವರು.

‘ಒಪ್ಕಂಡ್ರು ಮಾವ,’ ಅಂದೆ. ಅಂದವಳೇ ಗೆಳೆಯನ ಕಡೆ ತಿರುಗಿದೆ. ಕೋಪದಲ್ಲಿ ನನ್ನ ಇಂಗ್ಲಿಷ್ ನೀರಿನ ಹಾಗೆ ಹರಿಯಿತು. ಇವರು ಇಲ್ಲಿ ಒಬ್ಬರೇ ಮುದುಕರಾದರು, ನೀವು ಅಲ್ಲಿ ಹೊಗಳಿಕೆ ಉಂಡಿರಿ, ಇಷ್ಟು ವರ್ಷ ಒಂದು ಸಾಲು ಬರೆಯಲು ಕೈ ನೋಯುತ್ತಿತ್ತೇ ಎಂದು ಕೇಳಿದೆ. ಅತ್ತೆ ನನ್ನ ಸೆರಗು ಎಳೆದರು. ನಾನು ಬಿಡಿಸಿಕೊಂಡೆ. ಗೆಳೆಯ, ಊರಿಗೆ ಹೋದವನೇ ಆ ಗುಳಿಯ ಹತ್ತಿರ ಇವನ ಹೆಸರಿನ ಹಲಗೆ ಹಾಕಿಸುತ್ತೇನೆ ಎಂದು ಮಾತ್ರ ಹೇಳಿದರು.

ದೊರೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ಕೈ ತೆಗೆದಾಗ ಎರಡೂ ಇತ್ತು. ‘ಹಲಗೆ ಬೇಡ,’ ಎಂದರು ಕನ್ನಡದಲ್ಲೇ, ಆಮೇಲೆ ನೆನಪಾಗಿ ಇಂಗ್ಲಿಷಿನಲ್ಲಿ ಹೇಳಿದರು. ಅಲ್ಲಿ ನನ್ನನ್ನು ಬಲ್ಲವರು ಯಾರಿದ್ದಾರೆ, ಆ ಹೆಸರು ಓದಿ ಯಾರದು ಅನ್ನುತ್ತಾರೆ, ನನ್ನ ಹೆಸರಿಗೆ ಈ ಭೂಮಿಯ ಮೇಲೆ ಎಲ್ಲಿಯೂ ಜಾಗವಿಲ್ಲ, ಇರಲಿ ಬಿಡು.

ಅದನ್ನೂ ನಾನು ಮಾವನವರಿಗೆ ಹೇಳಿದೆ. ಅವರು ಎದ್ದು ನಿಂತರು. ಕೋಪ ಬಂದಿತ್ತು. ಮೊರ ಹಿಡಿದಿದ್ದ ಹೆಂಗಸನ್ನು ಕರೆದು, ‘ಅವ್ವ, ಬೆಳಿಗ್ಗೆ ಎಲ್ಲಿಗ್ ಓಗ್ತೀನಿ ಅಂತ ಮನೇಲಿ ಅಂದ್ ಬಂದೆ? ಇವ್ರ ಮುಂದೆ ಅನ್ನು’ ಅಂದರು.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಮಗೆಲ್ಲ ಗೊತ್ತಿದ್ದ ಮಾತು, ಬಹಳ ವರ್ಷಗಳಿಂದ ಆಡುತ್ತಿದ್ದ ಮಾತು. ಆದರೆ ಅವರ ಮುಖದೆದುರಿಗೆ ಆಡುವುದು ಹೇಗೆಂದು ಊರಲ್ಲಿ ಯಾರೂ ಆಡಿರಲಿಲ್ಲ. ಮಾವನವರು ಇನ್ನೊಮ್ಮೆ ಗದರಿದ ಮೇಲೆ, ನೆಲ ನೋಡುತ್ತ, ‘ದೊರೆ ಅಳ್ಳದ ಕಣಕ್ಕೆ ಅಂದೆ’ ಅಂದಳು.

ದೊರೆ ಅವಳನ್ನೇ ನೋಡಿದರು. ‘ಎಲ್ಲಿಗೆ ಅಂದೆ?’

‘ದೊರೆ ಅಳ್ಳಕ್ಕೆ ಸಾ. ಎಲ್ರೂ ಅಂಗೇ ಅನ್ನೋದು. ಅತ್ತ ಇತ್ತ ಊರೋರೂ ಅಂತಾರೆ.’

‘ನಾವ್ ಸತ್ತೋದ್ಮೇಲೂ ಅಂತಾರೆ,’ ಅಂದರು ಮಾವನವರು.

ದೊರೆ ಕೈಯೂರಿ ಎದ್ದರು, ಗೆಳೆಯ ತೋಳು ಹಿಡಿದುಕೊಂಡರು. ಬರಿಗಾಲಲ್ಲಿ ಕಣದ ಅಂಚಿನವರೆಗೆ ಬಂದು, ಆ ಹೆಂಗಸಿನ ಮುಂದೆ ನಿಂತು, ‘ಇನ್ನೊಂದ್ಸಲ ಹೇಳವ್ವ’ ಅಂದರು. ಅವಳು ಈ ಸಲ ತಲೆಯೆತ್ತಿ ಹೇಳಿದಳು.